ಸಣ್ಣ ಊರಿನ ಹಳೆಯ ಸ್ಮಶಾನದ ಚರಿತ್ರೆ ಹುಡುಕುವುದು ಹೇಗೆ?

ಹಳೆಯ ಸ್ಮಶಾನಕ್ಕೆ ಮೊದಲ ಸಲ ಹೋದಾಗ ಕಣ್ಣು ದೊಡ್ಡ ಗೋರಿಯ ಮೇಲೇ ಬೀಳುತ್ತದೆ. ಹತ್ತಿರ ಹೋಗುತ್ತೇವೆ, ಹೆಸರು ಓದುತ್ತೇವೆ, ಫೋಟೊ ತೆಗೆದು ಮುಂದೆ ಹೋಗುತ್ತೇವೆ. ನಾನೂ ಶುರುವಿನಲ್ಲಿ ಅಷ್ಟೇ ಮಾಡುತ್ತಿದ್ದೆ. ಒಂದು ದಿನ ಬೇಲಿಯ ಪಕ್ಕ, ಹುಲ್ಲಿನೊಳಗೆ ಮೂರು ಪುಟ್ಟ ಕಲ್ಲುಗಳು ಕಂಡವು. ಮೊಣಕಾಲಿನ ಎತ್ತರವೂ ಇಲ್ಲ. ಮೂರರಲ್ಲೂ ಒಂದೇ ಮನೆತನದ ಹೆಸರು. ವಯಸ್ಸು ಏಳು, ನಾಲ್ಕು, ಎರಡು. ಮೊದಲ ಸಾವಿಗೂ ಕೊನೆಯ ಸಾವಿಗೂ ನಡುವೆ ಹನ್ನೊಂದೇ ದಿನ. ಅಪ್ಪ ಅಮ್ಮನ ಕಲ್ಲು ಎಷ್ಟು ಹುಡುಕಿದರೂ ಸಿಗಲಿಲ್ಲ.

ಆ ಮನೆಯಲ್ಲಿ ಏನಾಯಿತು? ಕಲ್ಲು ಅದನ್ನು ಹೇಳುತ್ತಿರಲಿಲ್ಲ. ಉತ್ತರ ಸಿಕ್ಕಿದ್ದು ಬೇರೆ ಕಡೆ, ಅದೂ ಎಷ್ಟೋ ತಿಂಗಳ ಮೇಲೆ. ಅವತ್ತಿನಿಂದ ನಾನು ಸ್ಮಶಾನ ನೋಡುವ ಕ್ರಮವೇ ಬದಲಾಯಿತು. ಮೊದಲು ನೆಲ, ಆಮೇಲೆ ಕಲ್ಲು, ಆಮೇಲೆ ಕಾಗದ. ನೀವೂ ಇದೇ ಕ್ರಮದಲ್ಲಿ ಹೋಗಿ ಅಂತ ಹೇಳುತ್ತೇನೆ.

ಹೋಗುವ ಮೊದಲು

ಮೊದಲು ಜಾಗ ಯಾರದ್ದು ಅಂತ ತಿಳಿದುಕೊಳ್ಳಿ. ಕೆಲವು ಸ್ಮಶಾನ ಸ್ಥಳೀಯ ಆಡಳಿತದ್ದು, ಕೆಲವು ಧಾರ್ಮಿಕ ಸಂಸ್ಥೆಯದ್ದು, ಕೆಲವು ಒಂದೇ ಕುಟುಂಬದ್ದು. ಗೇಟು ತೆರೆದಿದೆ ಅಂದ ಮಾತ್ರಕ್ಕೆ ಒಪ್ಪಿಗೆ ಇದೆ ಅಂತ ಅಲ್ಲ. ನೋಡಿಕೊಳ್ಳುವವರು ಯಾರಾದರೂ ಇದ್ದರೆ ಅವರನ್ನು ಮೊದಲು ಮಾತಾಡಿಸಿ. ಯಾವ ಕಲ್ಲು ಯಾವಾಗ ಬಿತ್ತು, ಯಾವ ಮೂಲೆಯನ್ನು ಯಾರೂ ಅಗೆಯುವುದಿಲ್ಲ, ಇಂಥದ್ದೆಲ್ಲ ಅವರ ತಲೆಯಲ್ಲಿರುತ್ತದೆ. ಬರೆದಿಟ್ಟವರು ಯಾರೂ ಇರುವುದಿಲ್ಲ.

ಚೀಲದಲ್ಲಿ ಜಾಸ್ತಿ ಏನೂ ಬೇಡ. ನೋಟ್‌ಬುಕ್, ಪೆನ್ಸಿಲ್, ಅಳತೆ ಟೇಪು, ಟಾರ್ಚ್, ಒಂದು ಕೈಗನ್ನಡಿ, ಸ್ಪ್ರೇ ಬಾಟಲಿಯಲ್ಲಿ ಬರೀ ನೀರು, ಮೆತ್ತನೆಯ ಬ್ರಷ್. ಕಾಲಿಗೆ ಗಟ್ಟಿ ಬೂಟು. ಹುಲ್ಲಿನಲ್ಲಿ ಹಾವು, ಉಣ್ಣೆ ಹುಳು ಇರಬಹುದು, ಹಳೆಯ ಗುಂಡಿಯ ಮೇಲಿನ ಮಣ್ಣು ಕುಸಿಯಬಹುದು. ವಾಲಿದ ಕಲ್ಲಿಗೆ ಒರಗಬೇಡಿ, ಅದನ್ನು ನೆಟ್ಟಗೆ ಮಾಡಲೂ ಹೋಗಬೇಡಿ. 1.2 ಮೀಟರ್ ಎತ್ತರ, 60 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ಅಮೃತಶಿಲೆಯ ಕಲ್ಲು ಹತ್ತಿರ ಹತ್ತಿರ 200 ಕೆ.ಜಿ. ತೂಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಇದನ್ನು ಮೊದಲೇ ಹೇಳಿಬಿಡಿ.

ಮೊದಲ ದಿನ ಓದಬೇಡಿ, ಸುಮ್ನೆ ನಡೆಯಿರಿ

ಇದು ಕಷ್ಟ, ಯಾಕಂದರೆ ಹೆಸರುಗಳು ಕರೆಯುತ್ತವೆ. ಆದರೂ ಮೊದಲ ದಿನ ಅಂಚಿನಲ್ಲೇ ಒಂದು ಸುತ್ತು ಹಾಕಿ. ಗೋಡೆ, ಬೇಲಿ, ಗೇಟು, ದೊಡ್ಡ ಮರ, ದಾರಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಒರಟಾಗಿ ಗೀಚಿಕೊಳ್ಳಿ. ಉತ್ತರ ಯಾವ ಕಡೆ ಅಂತ ಗುರುತು ಹಾಕಿ. ಆಮೇಲೆ ಸಾಲುಗಳಿಗೆ ನಂಬರ್ ಕೊಡಿ. ಪ್ರತಿ ಕಲ್ಲಿಗೂ ಸಾಲು ಎಷ್ಟು, ಆ ಸಾಲಿನಲ್ಲಿ ಎಷ್ಟನೆಯದು ಅಂತ ಗುರುತು. ಈ ಒರಟು ನಕ್ಷೆ ಇಲ್ಲದಿದ್ದರೆ ಮುಂದೆ ತೆಗೆಯುವ ನೂರು ಫೋಟೊಗಳೂ ಕಲಸಿಹೋಗುತ್ತವೆ.

ಕಲ್ಲುಗಳು ಯಾವ ಕಡೆ ಮುಖ ಮಾಡಿವೆ ನೋಡಿ. ಕ್ರೈಸ್ತರ ಹಳೆಯ ಸಮಾಧಿಗಳಲ್ಲಿ ಸಾಮಾನ್ಯವಾಗಿ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಮುಸ್ಲಿಮರಲ್ಲಿ ದೇಹವನ್ನು ಬಲಮಗ್ಗುಲಿಗೆ ಮಲಗಿಸಿ ಮುಖವನ್ನು ಮೆಕ್ಕಾದ ಕಡೆಗೆ ಮಾಡುತ್ತಾರೆ, ಹಾಗಾಗಿ ಗೋರಿಯ ದಿಕ್ಕು ದೇಶದಿಂದ ದೇಶಕ್ಕೆ ಬೇರೆ. ಒಂದು ಸಾಲು ಮಾತ್ರ ಉಳಿದವುಗಳಿಗೆ ಓರೆಯಾಗಿದೆಯಾ? ಹಾಗಿದ್ದರೆ ಅದು ಬೇರೆ ಕಾಲದ್ದಿರಬಹುದು, ಬೇರೆ ಸಮುದಾಯದ್ದಿರಬಹುದು, ಅಥವಾ ಈಗ ಮುಚ್ಚಿಹೋಗಿರುವ ಹಳೆಯ ದಾರಿಯ ಪಕ್ಕದ್ದಿರಬಹುದು. ಕಾರಣ ಗೊತ್ತಾಗದಿದ್ದರೂ ಬರೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಹಳೆಯ ಭಾಗ ಎಲ್ಲಿದೆ ಅಂತ ಊಹೆ ಮಾಡಿ. ಎತ್ತರದ, ನೀರು ನಿಲ್ಲದ ಜಾಗ ಮೊದಲು ತುಂಬಿರುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಕಲ್ಲಿನ ಮೇಲಿನ ವರ್ಷ ಸ್ಮಶಾನದ ವಯಸ್ಸಲ್ಲ. ಹಳೆಯ ಸ್ಮಶಾನ ಮುಚ್ಚಿದಾಗ ಕಲ್ಲುಗಳನ್ನೂ ಮೂಳೆಗಳನ್ನೂ ಹೊಸ ಜಾಗಕ್ಕೆ ಸಾಗಿಸುವುದು ಎಷ್ಟೋ ಕಡೆ ನಡೆದಿದೆ. ಪ್ಯಾರಿಸ್‌ನ ಇನ್ನೊಸೆಂಟ್ಸ್ ಸ್ಮಶಾನ ತುಂಬಿ ತುಳುಕಿ 1780ರಲ್ಲಿ ಮುಚ್ಚಿತು. 1786ರಲ್ಲಿ ಅಲ್ಲಿನ ಮೂಳೆಗಳನ್ನು ನೆಲದಡಿಯ ಹಳೆಯ ಕಲ್ಲುಗಣಿಗಳಿಗೆ ಸಾಗಿಸಿದರು. ಸಣ್ಣ ಊರುಗಳಲ್ಲಿ ಇದೇ ಕೆಲಸ ಗಾಡಿಗಳಲ್ಲಿ, ಸದ್ದಿಲ್ಲದೆ ಆಗಿರುತ್ತದೆ. ಇನ್ನು ಕೆಲವು ಕಲ್ಲುಗಳ ಕೆಳಗೆ ದೇಹವೇ ಇರುವುದಿಲ್ಲ. ಸಮುದ್ರದಲ್ಲೋ ಯುದ್ಧದಲ್ಲೋ ತೀರಿಕೊಂಡವರ ನೆನಪಿಗೆ ಮನೆಯವರು ನಿಲ್ಲಿಸಿದ ಕಲ್ಲು ಅದು.

ಸವೆದ ಅಕ್ಷರ ಓದುವುದು

ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಇದು. ಇಲ್ಲಿ ಬೇಕಾಗಿರುವುದು ಬೆಳಕು ಮತ್ತು ತಾಳ್ಮೆ. ಬಲ ಬೇಡವೇ ಬೇಡ.

ನೇರವಾಗಿ ಮೇಲೆ ಬೀಳುವ ಬೆಳಕಿನಲ್ಲಿ ಸವೆದ ಕಲ್ಲು ಬೋಳಾಗಿ ಕಾಣುತ್ತದೆ. ಅದೇ ಬೆಳಕು ಪಕ್ಕದಿಂದ, ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ ಬಿದ್ದರೆ ಪ್ರತಿ ಗೀರಿನಲ್ಲೂ ನೆರಳು ನಿಲ್ಲುತ್ತದೆ, ಅಕ್ಷರ ಎದ್ದು ಬರುತ್ತದೆ. ಆದ್ದರಿಂದ ಬಿಸಿಲು ಕಲ್ಲಿನ ಮುಖಕ್ಕೆ ಓರೆಯಾಗಿರುವ ಹೊತ್ತು ಹುಡುಕಿ. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಮಧ್ಯಾಹ್ನದ ಹೊತ್ತಿಗೆ ಇಂಥ ಬೆಳಕು ಸಿಗುತ್ತದೆ. ಕಲ್ಲು ನೆರಳಿನಲ್ಲಿದ್ದರೆ ಜೊತೆಯವರು ಬಿಸಿಲಿನಲ್ಲಿ ನಿಂತು ಕನ್ನಡಿಯಿಂದ ಬೆಳಕನ್ನು ಪಕ್ಕಕ್ಕೆ ಹಾಯಿಸಲಿ. ಒಬ್ಬರೇ ಇದ್ದರೆ ಒಂದು ಕೊಡೆ ಹಿಡಿದು ಕಲ್ಲಿಗೆ ಕತ್ತಲೆ ಮಾಡಿ, ಟಾರ್ಚನ್ನು ಅಂಚಿಗೆ ಒತ್ತಿದಂತೆ ಹಿಡಿಯಿರಿ. ಎಡದಿಂದ ಒಂದು ಫೋಟೊ, ಬಲದಿಂದ ಒಂದು, ಮೇಲಿನಿಂದ ಒಂದು. ಎಡದ ಬೆಳಕಿನಲ್ಲಿ ಕಾಣದ ಗೆರೆ ಬಲದ ಬೆಳಕಿನಲ್ಲಿ ಕಾಣುತ್ತದೆ.

ನಾನು ಒಂದು ಕಲ್ಲನ್ನು 1863 ಅಂತ ಬರೆದುಕೊಂಡು ಬಂದಿದ್ದೆ. ಆ ವರ್ಷದ ದಾಖಲೆಯಲ್ಲಿ ಆ ಹೆಸರೇ ಇರಲಿಲ್ಲ. ಮತ್ತೆ ಹೋಗಿ ಟಾರ್ಚನ್ನು ಬಲಗಡೆಯಿಂದ ಹಿಡಿದಾಗ 3ರ ಎಡಬದಿಯಲ್ಲೂ ಕೂದಲೆಳೆಯಷ್ಟು ಬಾಗಿದ ಗೆರೆ ಕಂಡಿತು. ಅದು 1868. ಈ 3 ಮತ್ತು 8, 1 ಮತ್ತು 7, 5 ಮತ್ತು 6 ಎಲ್ಲರಿಗೂ ಮೋಸ ಮಾಡುವ ಜೋಡಿಗಳು. ಒಂದೇ ಕಲ್ಲಿನಲ್ಲಿ ಬೇರೆ ಕಡೆ ಸ್ಪಷ್ಟವಾಗಿರುವ 8 ಇದ್ದರೆ ಅದರ ಪಕ್ಕ ಇಟ್ಟು ಹೋಲಿಸಿ. ಒಬ್ಬನೇ ಕಲ್ಲುಕುಟಿಗ ತನ್ನ 8 ಅನ್ನು ಎಲ್ಲ ಕಡೆಯೂ ಒಂದೇ ಥರ ಕೆತ್ತುತ್ತಾನೆ.

ಬರೆದುಕೊಳ್ಳುವಾಗ ಸಾಲಿಗೆ ಸಾಲು, ಅಕ್ಷರಕ್ಕೆ ಅಕ್ಷರ ಇದ್ದ ಹಾಗೇ ಬರೆಯಿರಿ. ಕಾಗುಣಿತ ತಪ್ಪಿದ್ದರೆ ತಿದ್ದಬೇಡಿ. ಓದಲಾಗದ ಜಾಗಕ್ಕೆ ಚೌಕ ಆವರಣ ಹಾಕಿ, ಊಹೆಯಾದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಕಲ್ಲಿನ ಹಿಂಭಾಗ, ಬದಿ, ಬುಡ ಮೂರನ್ನೂ ನೋಡಿ. ಬುಡದಲ್ಲಿ ಕೆಲವೊಮ್ಮೆ ಕೆತ್ತಿದವನ ಹೆಸರು, ಊರು ಇರುತ್ತದೆ. ಕಲ್ಲು ಎಲ್ಲಿಂದ ಬಂತು ಅನ್ನುವುದಕ್ಕೆ ಅದೇ ಸುಳಿವು. ಬುಡದ ಸಾಲು ಮಣ್ಣಿನಲ್ಲಿ ಹೂತಿದ್ದರೆ ಅಗೆಯಬೇಡಿ. ಅಳತೆ ತೆಗೆದುಕೊಂಡು, 'ಕೆಳಗೆ ಇನ್ನೂ ಸಾಲುಗಳಿವೆ' ಅಂತ ಬರೆದಿಡಿ.

ಈಗ ಕೈಮುಗಿದು ಕೇಳುವ ಮಾತು. ಅಕ್ಷರ ಕಾಣಲಿ ಅಂತ ಕಲ್ಲಿಗೆ ಸೀಮೆಸುಣ್ಣ, ಹಿಟ್ಟು, ಶೇವಿಂಗ್ ಕ್ರೀಂ ಏನನ್ನೂ ಬಳಿಯಬೇಡಿ. ಶೇವಿಂಗ್ ಕ್ರೀಂನಲ್ಲಿ ಆಮ್ಲದ ಅಂಶ ಇರುತ್ತದೆ, ತೊಳೆದರೂ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಉಳಿಯುತ್ತದೆ. ವಿನಿಗರ್, ಬ್ಲೀಚ್, ತಂತಿ ಬ್ರಷ್, ರಭಸದಿಂದ ನೀರು ಹೊಡೆಯುವ ಯಂತ್ರ ಎಲ್ಲವೂ ಹಾನಿ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಒಳಗೆ ಟೊಳ್ಳಾದ ಕಲ್ಲಿನ ಪದರ ಆ ಒತ್ತಡಕ್ಕೇ ಉದುರುತ್ತದೆ. ಕಲ್ಲುಹೂವನ್ನು ಉಗುರಿನಿಂದ ಕೆರೆದರೆ ಅದರ ಜೊತೆ ಕಲ್ಲಿನ ಮೇಲ್ಮೈಯೂ ಕಿತ್ತು ಬರುತ್ತದೆ. ಹಕ್ಕಿಯ ಹಿಕ್ಕೆ, ಸಡಿಲ ಮಣ್ಣು ಇದ್ದರೆ ನೀರು ಚಿಮುಕಿಸಿ ಮೆತ್ತನೆಯ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಸವರಿ, ಅದೂ ನೋಡಿಕೊಳ್ಳುವವರ ಒಪ್ಪಿಗೆ ಇದ್ದರೆ. ಬೆರಳು ಇಟ್ಟಾಗ ಸಕ್ಕರೆಯ ಹಾಗೆ ಪುಡಿ ಅಂಟಿದರೆ ಅದನ್ನೂ ಮಾಡಬೇಡಿ. ಆ ಕಲ್ಲಿಗೆ ಫೋಟೊ ಒಂದೇ ದಾರಿ.

ಕಲ್ಲು ಯಾವುದು ಅನ್ನುವುದೂ ಒಂದು ದಾಖಲೆ

ಅಮೃತಶಿಲೆ ಮತ್ತು ಸುಣ್ಣಕಲ್ಲು ಆಮ್ಲ ಬೆರೆತ ಮಳೆಗೆ ನಿಧಾನವಾಗಿ ಕರಗುತ್ತವೆ. ಕಾರ್ಖಾನೆ ಹೊಗೆ ಇದ್ದ ಊರುಗಳಲ್ಲಿ ಇವುಗಳ ಅಕ್ಷರ ಬೇಗ ಮಾಸುತ್ತದೆ. ಮರಳುಗಲ್ಲು ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಸ್ಲೇಟ್ ಕಲ್ಲಿನಲ್ಲಿ 300 ವರ್ಷದ ಹಿಂದೆ ಕೆತ್ತಿದ ಗೀರೂ ಮೊನ್ನೆ ಕೆತ್ತಿದಂತೆ ಇರಬಹುದು. ಹಾಗಾಗಿ ಸವೆದದ್ದೆಲ್ಲ ಹಳೆಯದು ಅಂದುಕೊಳ್ಳಬೇಡಿ. ಇಂಗ್ಲೆಂಡ್, ಅಮೆರಿಕದ ಸಣ್ಣ ಊರುಗಳಲ್ಲಿ ಹೊಳಪು ಕೊಟ್ಟ ಗ್ರಾನೈಟ್ ಕಲ್ಲು ಜಾಸ್ತಿ ಬಂದದ್ದು ಯಂತ್ರಗಳು ಬಂದ ಮೇಲೆ, 19ನೇ ಶತಮಾನದ ಉತ್ತರಾರ್ಧದಲ್ಲಿ. ಅಂಥ ಕಡೆ ನುಣುಪಾದ ಗ್ರಾನೈಟ್ ಮೇಲೆ 1760 ಅಂತ ಇದ್ದರೆ ಮುಂದಿನ ತಲೆಮಾರಿನ ಯಾರೋ ಹಳೆಯ ಕಲ್ಲಿನ ಬದಲಿಗೆ ಹೊಸದು ನಿಲ್ಲಿಸಿರಬೇಕು.

ಅಮೆರಿಕದ ಸ್ಮಶಾನಗಳಲ್ಲಿ ನೀಲಿ ಛಾಯೆಯ ಬೂದು ಬಣ್ಣದ, ಅಕ್ಷರಗಳು ಚೂರೂ ಮಾಸದ ಸ್ಮಾರಕ ಕಂಡರೆ ಮೆಲ್ಲಗೆ ಬೆರಳಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಅದು ಕಲ್ಲಲ್ಲ, ಸತು. 'ಬಿಳಿ ಕಂಚು' ಅನ್ನುವ ಹೆಸರಿನಲ್ಲಿ ಕನೆಕ್ಟಿಕಟ್‌ನ ಬ್ರಿಡ್ಜ್‌ಪೋರ್ಟ್‌ನ ಮಾನ್ಯುಮೆಂಟಲ್ ಬ್ರಾಂಜ್ ಕಂಪನಿ 1870ರ ದಶಕದಿಂದ 1914ರವರೆಗೆ ಇವನ್ನು ಮಾಡಿತು. ಅಂದರೆ ವಸ್ತು ನೋಡಿಯೇ ಸುಮಾರು ನಲವತ್ತು ವರ್ಷದ ಅವಧಿ ಹಿಡಿದುಬಿಡಬಹುದು.

ತೇದಿಯ ಲೆಕ್ಕ

ಕಲ್ಲಿನಲ್ಲಿ ಹುಟ್ಟಿದ ದಿನ ಇಲ್ಲದೆ ಬರೀ ಸತ್ತ ದಿನ ಮತ್ತು ವಯಸ್ಸು ಇರುವುದು ಸಾಮಾನ್ಯ. ಉದಾಹರಣೆಗೆ, '1871 ಮೇ 20, ವಯಸ್ಸು 72 ವರ್ಷ 3 ತಿಂಗಳು 9 ದಿನ'. ಮೊದಲು ವರ್ಷ ಕಳೆಯಿರಿ, 1799 ಮೇ 20. ತಿಂಗಳು ಕಳೆಯಿರಿ, ಫೆಬ್ರವರಿ 20. ದಿನ ಕಳೆದರೆ 1799 ಫೆಬ್ರವರಿ 11. ಲ್ಯಾಟಿನ್‌ನಲ್ಲಿ 'ಈಟಾಟಿಸ್ ಸುಯೇ 45' ಅಂತ ಇದ್ದರೆ ಅದು ನಲವತ್ತೈದನೆಯ ವರ್ಷದಲ್ಲಿ ಅಂತ ಅರ್ಥ. ಆ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ತುಂಬಿದ್ದು 44.

ಹಳೆಯ ಜೂಲಿಯನ್ ಕ್ಯಾಲೆಂಡರ್ ಹೋಗಿ ಈಗಿನ ಗ್ರೆಗೋರಿಯನ್ ಕ್ಯಾಲೆಂಡರ್ ಬಂದದ್ದನ್ನು ಮರೆಯಬೇಡಿ. ಬ್ರಿಟನ್ ಮತ್ತು ಅದರ ವಸಾಹತುಗಳಲ್ಲಿ 1752ರ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಬಂತು. ಅದಕ್ಕೂ ಮೊದಲು ಇಂಗ್ಲೆಂಡ್‌ನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಫೆಬ್ರವರಿ ತಿಂಗಳ ಸಾವಿಗೆ 1731/2 ಅಂತ ಎರಡು ವರ್ಷ ಕೆತ್ತಿರುವುದು ಕಂಡರೆ ಅದು ತಪ್ಪಲ್ಲ, ಹಳೆಯ ಲೆಕ್ಕಕ್ಕೆ 1731, ಈಗಿನ ಲೆಕ್ಕಕ್ಕೆ 1732. ರಷ್ಯಾದಲ್ಲಿ ಈ ಬದಲಾವಣೆ ಆದದ್ದು 1918ರಲ್ಲಿ.

ಮುಸ್ಲಿಮರ ಹಿಜರಿ ವರ್ಷ ನಮ್ಮ ಸಾಮಾನ್ಯ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ಒಂದೇ ಅಂಕಿಯನ್ನು ಕೂಡಿಸಿ ಹೇಳಿಬಿಡಲು ಆಗುವುದಿಲ್ಲ. ಹಿಜರಿ 1300 ಶುರುವಾದದ್ದು 1882ರ ನವೆಂಬರ್‌ನಲ್ಲಿ ಅನ್ನುವುದನ್ನು ಗುರುತಿಟ್ಟುಕೊಂಡು ಲೆಕ್ಕ ಹಾಕಿ. ಯಹೂದಿ ಕಲ್ಲುಗಳಲ್ಲಿ ಅವರ ಕ್ಯಾಲೆಂಡರಿನ ವರ್ಷವನ್ನು ಅಂಕಿಯ ಬದಲು ಹೀಬ್ರೂ ಅಕ್ಷರಗಳಲ್ಲಿ ಬರೆಯುತ್ತಾರೆ, ಸಾವಿರದ ಅಂಕಿಯನ್ನು ಎಷ್ಟೋ ಸಲ ಬಿಟ್ಟಿರುತ್ತಾರೆ. ಅಕ್ಷರಗಳ ಲೆಕ್ಕ 650 ಅಂತ ಬಂದರೆ 5650. ಅದರಿಂದ 3760 ಕಳೆದರೆ 1890. ಅವರ ಹೊಸ ವರ್ಷ ಸೆಪ್ಟೆಂಬರ್ ಆಸುಪಾಸಿನಲ್ಲಿ ಬರುವುದರಿಂದ ಅಲ್ಲಿಂದ ಡಿಸೆಂಬರ್‌ವರೆಗಿನ ಸಾವಾದರೆ 1889.

ಚಿತ್ರಗಳು

ಕುರಿಮರಿ ಕಂಡರೆ ಹೆಚ್ಚಾಗಿ ಮಗುವಿನ ಸಮಾಧಿ. ಮುರಿದ ಕಂಬ ಅಂದರೆ ಅರ್ಧಕ್ಕೇ ನಿಂತ ಬದುಕು. ಕೈ ಕೈ ಹಿಡಿದಿರುವ ಕೆತ್ತನೆಯಲ್ಲಿ ತೋಳಿನ ಅಂಚು ನೋಡಿ, ಒಂದು ಗಂಡಸಿನ ಅಂಗಿ, ಇನ್ನೊಂದು ಹೆಂಗಸಿನ ಉಡುಪು ಇದ್ದರೆ ಗಂಡ ಹೆಂಡತಿ. ಮೂಲೆಮಟ್ಟ ಮತ್ತು ಕೈವಾರ ಇದ್ದರೆ ಫ್ರೀಮೇಸನ್ ಅನ್ನುವ ಸಂಘದ ಸದಸ್ಯ. ಯಹೂದಿ ಕಲ್ಲಿನಲ್ಲಿ ಆಶೀರ್ವದಿಸುವ ಎರಡು ಕೈಗಳು ಪುರೋಹಿತರಾದ ಕೊಹೇನ್ ವಂಶದ್ದು, ಹೂಜಿ ಅವರಿಗೆ ನೆರವಾಗುತ್ತಿದ್ದ ಲೇವಿ ವಂಶದ್ದು.

ಆದರೆ ಒಂದು ಚಿತ್ರಕ್ಕೆ ಒಂದೇ ಅರ್ಥ ಅಂತ ಹಟ ಹಿಡಿಯಬೇಡಿ. ಲಂಗರು ಕಂಡ ಕೂಡಲೇ ನಾವಿಕ ಅಂದುಬಿಟ್ಟರೆ ತಪ್ಪಾಗಬಹುದು, ಅದು ಭರವಸೆಯ ಗುರುತೂ ಹೌದು. ಮಾದರಿ ಪುಸ್ತಕ ನೋಡಿ ಚೆನ್ನಾಗಿದೆ ಅಂತ ಆರಿಸಿದವರೂ ಇರುತ್ತಾರೆ. ಬಿಡಿ ಚಿತ್ರಕ್ಕಿಂತ ಎಣಿಕೆ ಜಾಸ್ತಿ ಹೇಳುತ್ತದೆ. ಪುರಾತತ್ವ ಸಂಶೋಧಕರಾದ ಜೇಮ್ಸ್ ಡೀಟ್ಜ್ ಮತ್ತು ಎಡ್ವಿನ್ ಡೆತ್‌ಲೆಫ್‌ಸನ್ 1960ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಹಳೆಯ ಸ್ಮಶಾನಗಳಲ್ಲಿ ಮಾಡಿದ್ದು ಇದನ್ನೇ. ರೆಕ್ಕೆಯ ತಲೆಬುರುಡೆ, ಆಮೇಲೆ ರೆಕ್ಕೆಯ ದೇವದೂತ, ಆಮೇಲೆ ವಿಲೋ ಮರ ಮತ್ತು ಕಲಶ. ಕಾಲ ಹೋದಂತೆ ಒಂದು ಇಳಿದು ಇನ್ನೊಂದು ಏರಿದ್ದನ್ನು ಎಣಿಸಿ ತೋರಿಸಿದರು. ನಿಮ್ಮ ಸ್ಮಶಾನದಲ್ಲಿ ಎಂಬತ್ತೇ ಕಲ್ಲು ಇದ್ದರೂ ಹತ್ತತ್ತು ವರ್ಷಕ್ಕೆ ಒಂದು ಗುಂಪು ಮಾಡಿ ಎಣಿಸಬಹುದು.

ಸಾವುಗಳನ್ನೂ ಹಾಗೇ ಎಣಿಸಿ. ಯಾವ ವರ್ಷ ಗೆರೆ ಜಿಗಿಯುತ್ತದೆ? 1918ರ ಶರತ್ಕಾಲದಲ್ಲಿ 20ರಿಂದ 40 ವರ್ಷದವರ ಕಲ್ಲುಗಳು ಒಟ್ಟಿಗೆ ಇದ್ದರೆ ಇನ್‌ಫ್ಲುಯೆಂಜಾ ನೆನಪಾಗಬೇಕು. ಆ ಜ್ವರ ಪ್ರಾಯದವರನ್ನು ಜಾಸ್ತಿ ಕೊಂಡೊಯ್ದಿತು. ಒಂದೇ ಬೇಸಿಗೆಯ ಕೆಲವೇ ವಾರಗಳಲ್ಲಿ ಎಲ್ಲ ವಯಸ್ಸಿನವರೂ ಇದ್ದರೆ ಕಾಲರಾ ಇರಬಹುದಾ ನೋಡಿ. ಇಲ್ಲಿ ಬರುವುದು ಅನುಮಾನ ಮಾತ್ರ. ಖಾತ್ರಿ ಕಾಗದದಲ್ಲೇ ಸಿಗಬೇಕು.

ಕಲ್ಲೇ ಇಲ್ಲದವರು

ಕಲ್ಲು ನಿಲ್ಲಿಸಲು ದುಡ್ಡು ಬೇಕು. ಬಡವರು, ಕೂಲಿಯವರು, ಗುಲಾಮರಾಗಿದ್ದವರು, ಹುಟ್ಟಿದ ಕೂಡಲೇ ತೀರಿಕೊಂಡ ಕೂಸುಗಳು, ಇವರಿಗೆ ಎಷ್ಟೋ ಕಡೆ ಕಲ್ಲಿಲ್ಲ. ಕಲ್ಲುಗಳನ್ನು ಮಾತ್ರ ಎಣಿಸಿ 'ಇದು ಈ ಊರಿನ ಚರಿತ್ರೆ' ಅಂದರೆ ಅರ್ಧ ಊರನ್ನು ಬಿಟ್ಟ ಹಾಗೆ.

ಅವರನ್ನು ನೆಲದಲ್ಲಿ ಹುಡುಕಬೇಕು. ಬೆಳಗ್ಗೆ ಬೇಗ ಅಥವಾ ಸೂರ್ಯ ಮುಳುಗುವ ಹೊತ್ತಿಗೆ ಹೋಗಿ ನೆಲಮಟ್ಟಕ್ಕೆ ಬಗ್ಗಿ ನೋಡಿ. ಆಳುದ್ದದ ತಗ್ಗುಗಳು ಒಂದೇ ದಿಕ್ಕಿಗೆ, ಒಂದೇ ಅಂತರದಲ್ಲಿ ಇದ್ದರೆ ಅವು ಕುಸಿದ ಸಮಾಧಿಗಳಿರಬಹುದು. ಒಣ ಬೇಸಿಗೆಯಲ್ಲಿ ಅಗೆದ ಮಣ್ಣಿನ ಮೇಲಿನ ಹುಲ್ಲಿನ ಬಣ್ಣವೇ ಬೇರೆ ಇರುತ್ತದೆ. ಕೆತ್ತನೆ ಇಲ್ಲದ ಕಾಡುಕಲ್ಲುಗಳು ಜೋಡಿಯಾಗಿ, ಒಂದು ತಲೆಗೆ ಒಂದು ಕಾಲಿಗೆ ಅನ್ನುವಂತೆ ಇವೆಯಾ ನೋಡಿ. ಯಾರೋ ನೆಟ್ಟ ಹೂವಿನ ಬಳ್ಳಿ ಸುತ್ತಲಿನ ಕಾಡಿಗೆ ಹೊಂದದೆ ಒಂದೇ ಕಡೆ ಹಬ್ಬಿದೆಯಾ? ಅದೂ ಗುರುತೇ. ಕೋಲಿನಿಂದ ಚುಚ್ಚಿ ನೋಡುವುದು, ಅಗೆಯುವುದು ಮಾತ್ರ ಬೇಡ. ಅಗತ್ಯ ಬಿದ್ದರೆ ನೆಲದೊಳಗೆ ರೇಡಾರ್ ಹಾಯಿಸಿ ನೋಡುವ ತಜ್ಞರು ಇದ್ದಾರೆ. ನೀವು ನಕ್ಷೆಯಲ್ಲಿ ಚುಕ್ಕೆ ಗೆರೆಯ ಚೌಕ ಹಾಕಿದರೆ ಸಾಕು.

ಕೊನೆಗೆ ಕಾಗದ

ಮೊದಲು ಕೇಳಬೇಕಾದದ್ದು ಸಮಾಧಿ ರಿಜಿಸ್ಟರ್ ಮತ್ತು ಜಾಗ ಹಂಚಿದ ನಕ್ಷೆ. ಅವು ಸ್ಮಶಾನದ ಕಚೇರಿಯಲ್ಲಿ, ಚರ್ಚಿನಲ್ಲಿ, ಊರಿನ ಆಡಳಿತದಲ್ಲಿ ಅಥವಾ ಜಿಲ್ಲೆಯ ದಾಖಲೆ ಕೊಠಡಿಯಲ್ಲಿ ಇರಬಹುದು. ಇಂಗ್ಲೆಂಡ್‌ನಲ್ಲಿ ಚರ್ಚ್ ರಿಜಿಸ್ಟರ್‌ಗಳು 1538ರಿಂದ ಶುರು, ಸರ್ಕಾರದ ಜನನ ಮರಣ ನೋಂದಣಿ 1837ರಿಂದ. ಹೀಗೆ ಪ್ರತಿ ದೇಶಕ್ಕೂ ಒಂದು ಗಡಿ ವರ್ಷ ಇರುತ್ತದೆ. ಅದನ್ನು ಮೊದಲು ತಿಳಿದುಕೊಂಡರೆ ಯಾವ ಬಾಗಿಲು ತಟ್ಟಬೇಕು ಅಂತ ಗೊತ್ತಾಗುತ್ತದೆ. ಲೈಬ್ರರಿಯಲ್ಲಿ ಇನ್ನೊಂದನ್ನು ಕೇಳಿ. ಐವತ್ತು ನೂರು ವರ್ಷದ ಹಿಂದೆ ಯಾರಾದರೂ ಇದೇ ಕಲ್ಲುಗಳನ್ನು ಓದಿ ಬರೆದಿಟ್ಟಿದ್ದಾರಾ? ಇವತ್ತು ಮಾಸಿದ ಅಕ್ಷರ ಅವತ್ತು ಚೆನ್ನಾಗಿತ್ತು.

ಹಳೆಯ ಪತ್ರಿಕೆ ಓದುವಾಗ ಇಂಗ್ಲಿಷಿನ 'ಇನ್‌ಸ್ಟಂಟ್' ಅಂದರೆ ಇದೇ ತಿಂಗಳು, 'ಅಲ್ಟಿಮೋ' ಅಂದರೆ ಹೋದ ತಿಂಗಳು. 'ರೆಲಿಕ್ಟ್' ಅಂದರೆ ಗಂಡ ತೀರಿಕೊಂಡವಳು. 'ಕನ್ಸಾರ್ಟ್' ಅಂತ ಇದ್ದರೆ ಸಾಮಾನ್ಯವಾಗಿ ಗಂಡ ಬದುಕಿರುವಾಗಲೇ ಹೋದವಳು. ಸಾವಿನ ಕಾರಣದಲ್ಲಿ 'ಕನ್ಸಂಪ್ಷನ್' ಅಂದರೆ ಕ್ಷಯ, 'ಡ್ರಾಪ್ಸಿ' ಅಂದರೆ ಮೈಯಲ್ಲಿ ನೀರು ತುಂಬಿ ಊದಿಕೊಳ್ಳುವುದು. ಉಯಿಲು ಸಿಕ್ಕರೆ ಬಿಡಬೇಡಿ. ಕಲ್ಲಿಗೆ ಎಷ್ಟು ಖರ್ಚು ಮಾಡಬೇಕು ಅಂತ ಕೂಡ ಕೆಲವರು ಅದರಲ್ಲಿ ಬರೆಸಿರುತ್ತಾರೆ.

ಮನೆಯಲ್ಲೇ ಕೂತು ನೋಡಲು 1995ರಲ್ಲಿ ಶುರುವಾದ ಫೈಂಡ್ ಎ ಗ್ರೇವ್ ಜಾಲತಾಣ ಇದೆ, ಜಿಪಿಎಸ್ ಜಾಗದ ಜೊತೆ ಫೋಟೊ ಕೊಡುವ ಬಿಲಿಯನ್‌ಗ್ರೇವ್ಸ್ ಇದೆ, ದುಡ್ಡಿಲ್ಲದೆ ದಾಖಲೆ ತೋರಿಸುವ ಫ್ಯಾಮಿಲಿಸರ್ಚ್ ಇದೆ. ಎರಡು ಮಹಾಯುದ್ಧಗಳ ಕಾಮನ್‌ವೆಲ್ತ್ ಸೈನಿಕರಾದರೆ 1917ರಲ್ಲಿ ಸ್ಥಾಪನೆಯಾದ ಯುದ್ಧ ಸಮಾಧಿ ಆಯೋಗದ ಪಟ್ಟಿ ನೋಡಿ. ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಮಾದರಿಯ ಕಲ್ಲು ಅನ್ನುವುದು ಅವರ ನಿಯಮ. ಆದರೆ ಜನರೇ ತುಂಬಿಸುವ ಜಾಲತಾಣಗಳಲ್ಲಿ ತಪ್ಪೂ ನಕಲಾಗುತ್ತಾ ಹೋಗುತ್ತದೆ. ಫೋಟೊ ಇಲ್ಲದ ತೇದಿಯನ್ನು ಪೂರ್ತಿ ನಂಬಬೇಡಿ.

ಕಲ್ಲು ಒಂದು, ಕಾಗದ ಇನ್ನೊಂದು ಹೇಳಿದರೆ? ಎರಡನ್ನೂ ಬರೆದಿಡಿ. ಸಾವಾದ ವಾರದಲ್ಲೇ ಬರೆದ ರಿಜಿಸ್ಟರ್‌ಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ, ಯಾಕಂದರೆ ಕಲ್ಲನ್ನು ಎಷ್ಟೋ ವರ್ಷದ ಮೇಲೆ ನೆನಪಿನಿಂದ ಕೆತ್ತಿಸಿರಬಹುದು. ಕೆಲಸ ಮುಗಿದ ಮೇಲೆ ನಕ್ಷೆ, ಪಟ್ಟಿ, ಫೋಟೊಗಳ ಒಂದು ಪ್ರತಿಯನ್ನು ನೋಡಿಕೊಳ್ಳುವವರಿಗೆ, ಇನ್ನೊಂದನ್ನು ಹತ್ತಿರದ ಲೈಬ್ರರಿಗೆ ಕೊಡಿ. ನೀವು ನೋಡಿದ ದಿನಾಂಕವನ್ನು ಪ್ರತಿ ಹಾಳೆಯಲ್ಲೂ ಹಾಕಿ. ಇತ್ತೀಚೆಗೆ ತೀರಿಕೊಂಡವರ ಮನೆಯವರು ಬದುಕಿರುತ್ತಾರೆ, ಅವರನ್ನು ಕೇಳದೆ ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ.

ಆ ಮೂರು ಪುಟ್ಟ ಕಲ್ಲುಗಳ ಹೆಸರು ನನಗೆ ಕೊನೆಗೆ ರಿಜಿಸ್ಟರ್‌ನಲ್ಲಿ ಸಿಕ್ಕಿತು. ಮೂರಕ್ಕೂ ಒಂದೇ ಕಾರಣ ಬರೆದಿತ್ತು, ಗಂಟಲುಮಾರಿ. ಅದೇ ಪುಟದ ಕೆಳಗೆ ನಾಲ್ಕನೆಯ ಹೆಸರು ಇತ್ತು. ಅದೇ ಮನೆಯ ಕೂಸು, ಐದು ತಿಂಗಳದ್ದು. ಸಾಲಿನ ನಂಬರ್ ಇತ್ತು, ಜಾಗದ ನಂಬರ್ ಇರಲಿಲ್ಲ. ಮತ್ತೆ ಹೋಗಿ ನೋಡಿದೆ. ಎರಡು ವರ್ಷದ ಮಗುವಿನ ಕಲ್ಲಿನ ಪಕ್ಕ, ಬೇಲಿಗೆ ತಾಗಿದಂತೆ, ಮೊಳದುದ್ದದ ತಗ್ಗು ಇತ್ತು. ಅದೇನಾ ಅಂತ ಖಾತ್ರಿಯಾಗಿ ಹೇಳಲಾರೆ. ನಕ್ಷೆಯಲ್ಲಿ ಚುಕ್ಕೆ ಗೆರೆಯ ಚೌಕ ಹಾಕಿ, ಒಳಗೆ ಕೂಸಿನ ಹೆಸರು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದೇನೆ.